ಕಾರಿಗೂ ಮೂಗಿದೆ, ಗೊತ್ತೇ?

ಕಾರಿನ ಇಂಜಿನ್ ವಿಷಯವನ್ನು ಒಬ್ಬ ಗೃಹಿಣಿ ಬರೆಯುವುದೇ ಎಂದು ಮೂಗಿನ ಮೇಲೆ ಬೆರಳಿಡಬೇಡಿ. ನಾನು ಓದಿದ್ದು ಹತ್ತನೇ ತರಗತಿಯ ತನಕ. ಅಡುಗೆಮನೆ, ಹಿತ್ತಲು, ಮಾವನವರ ಔಷಧದ ಡಬ್ಬಿ, ಇಷ್ಟೇ ನನ್ನ ರಾಜ್ಯ. ಆದರೂ ಈಗ ಬಾನೆಟ್ ಎತ್ತಿ ಇಣುಕುವ ಧೈರ್ಯ ಬಂದಿದೆ. ಅದು ಶೋಕಿಯಿಂದ ಬಂದದ್ದಲ್ಲ, ಕಷ್ಟ ತಲೆಯ ಮೇಲೆ ಬಂದು ಕೂತಾಗ ಬಂದದ್ದು. ಜೊತೆಗೆ ನಾನೇ ಮಾಡಿದ ಒಂದು ದೊಡ್ಡ ತಪ್ಪಿನಿಂದಲೂ ಬಂದದ್ದು. ಆ ತಪ್ಪನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ, ನಿಮ್ಮಲ್ಲಿ ಯಾರಿಗಾದರೂ ಉಪಯೋಗವಾದೀತು.

ನಮ್ಮದು ಹಾಸನ ಜಿಲ್ಲೆಯ ಸಣ್ಣ ಊರು. ನಮ್ಮವರಿಗೆ ಕೊಬ್ಬರಿ ವ್ಯಾಪಾರ. ಮನೆಯಲ್ಲಿ 2008ರ ಮಾಡೆಲಿನ ಒಂದು ಡೀಸೆಲ್ ಕಾರು ಇದೆ. ಮಾವನವರಿಗೆ ಮೂತ್ರಪಿಂಡದ ತೊಂದರೆ. 2021ರಿಂದ ವಾರಕ್ಕೆ ಎರಡು ಸಲ ಹಾಸನಕ್ಕೆ ಕರೆದುಕೊಂಡು ಹೋಗಿ ಡಯಾಲಿಸಿಸ್ ಮಾಡಿಸಬೇಕು. ಹೋಗಿ ಬರುವುದಕ್ಕೆ 90 ಕಿಲೋಮೀಟರ್. ಬೆಳಗಿನ ಹೊತ್ತು ನಮ್ಮವರು ಮಂಡಿ ಬಿಟ್ಟು ಬರುವಂತಿಲ್ಲ. ಹಾಗಾಗಿ ನಲವತ್ತರ ಹೊಸ್ತಿಲಲ್ಲಿ ನಾನೇ ಡ್ರೈವಿಂಗ್ ಕಲಿತೆ. ಮೊದಮೊದಲು ಬೀದಿಯವರೆಲ್ಲ ಗೇಟಿಗೆ ಬಂದು ನಿಂತು ನೋಡುತ್ತಿದ್ದರು. ಈಗ ಅವರೇ "ಅಕ್ಕಾ, ಹಾಸನಕ್ಕೆ ಹೋಗ್ತಿದ್ರೆ ಒಂದು ಔಷಧಿ ತರ್ತೀರಾ?" ಅಂತ ಚೀಟಿ ಕೊಡುತ್ತಾರೆ.

2023ರ ಮಾರ್ಚಿಗೆ ಕಾರಿಗೆ ಹದಿನೈದು ವರ್ಷ ತುಂಬಿತು. ಹದಿನೈದು ತುಂಬಿದ ಮೇಲೆ ಆರ್.ಟಿ.ಓ. ಕಚೇರಿಯಲ್ಲಿ ತೋರಿಸಿ ನೋಂದಣಿ ನವೀಕರಿಸಬೇಕಲ್ಲ, ಅದಕ್ಕೆ ಮೊದಲು ಎಮಿಷನ್ ಟೆಸ್ಟಿನ ಚೀಟಿ ಬೇಕು. ತೆಗೆದುಕೊಂಡು ಹೋದೆವು. ಡೀಸೆಲ್ ಗಾಡಿಗಾದರೆ ಸೈಲೆನ್ಸರಿನೊಳಗೆ ನಳಿಗೆ ತೂರಿಸಿ ಆಕ್ಸಿಲೇಟರನ್ನು ಒಮ್ಮೆಗೇ ಪೂರ್ತಿ ಒತ್ತಿಸುತ್ತಾರೆ. ಹೊರಗೆ ಬರುವ ಹೊಗೆಯ ನಡುವೆ ಬೆಳಕು ಹಾಯಿಸಿ, ಎಷ್ಟು ಬೆಳಕನ್ನು ಹೊಗೆ ತಡೆಯಿತು ಎಂದು ಯಂತ್ರ ಲೆಕ್ಕ ಹಾಕುತ್ತದೆ. ನಮ್ಮ ಕಾರಿನ ಕಾಲದ ಗಾಡಿಗಳಿಗೆ ಅದು 65 ದಾಟಬಾರದು. ಆಮೇಲಿನ ಬಿ.ಎಸ್.-4 ಗಾಡಿಗಳಿಗೆ 50. ನಮ್ಮದಕ್ಕೆ ಬಂದದ್ದು 79! ಹುಡುಗ ಮೂರು ಸಲ ಒತ್ತಿಸಿ ನೋಡಿ ತಲೆ ಆಡಿಸಿದ. ಹಿಂದೆ ಸರದಿಯಲ್ಲಿ ಕಾಯುತ್ತಿದ್ದ ಸ್ಕೂಟರಿನವರು ಸೆರಗಿನಿಂದ, ಕರ್ಚೀಫಿನಿಂದ ಮೂಗು ಮುಚ್ಚಿಕೊಂಡಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸುಳಿವು ಮೊದಲೇ ಇತ್ತು. ನಾವು ನೋಡಿದ್ದರೂ ನೋಡದ ಹಾಗಿದ್ದೆವು. ಬೆಳಗಿನ ಜಾವ ಕಾರು ಚಾಲೂ ಮಾಡಿದರೆ ಹಿತ್ತಲ ತಂತಿಯ ಮೇಲಿನ ಮಾವನವರ ಬಿಳಿ ಪಂಚೆಯ ಮೇಲೆ ಕಪ್ಪು ಚುಕ್ಕೆ ಕೂರುತ್ತಿತ್ತು. ಅತ್ತೆಯವರು ಗೊಣಗುತ್ತಿದ್ದರು. ದಾರಿಯಲ್ಲಿ ಏರು ಬಂದರೆ ಗಾಡಿ ಉಬ್ಬಸದವರ ಹಾಗೆ ಏದುತ್ತಿತ್ತು. ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಕಡೆ ಎರಡಕ್ಕೆ ಇಳಿಸಬೇಕಾಗಿತ್ತು. ಲೀಟರಿಗೆ 18 ಕೊಡುತ್ತಿದ್ದದ್ದು 16ಕ್ಕೆ ಇಳಿದಿತ್ತು. ವಯಸ್ಸಾಯಿತಲ್ಲ ಅಂದುಕೊಂಡೆವು.

ಒಂದು ಗ್ಯಾರೇಜಿನಲ್ಲಿ ತೋರಿಸಿದೆವು. ಬಾನೆಟ್ ಎತ್ತದೆಯೇ, ಸೈಲೆನ್ಸರಿನ ಹೊಗೆ ನೋಡಿಯೇ ಅವರು ತೀರ್ಪು ಕೊಟ್ಟುಬಿಟ್ಟರು: "ಇಂಜಿನ್ ಕೆಲಸ ಸಾರ್. ರಿಂಗ್ ಹೋಗಿದೆ, ಬೋರ್ ಮಾಡಿಸಬೇಕು. 40,000 ಆಗುತ್ತೆ, ಹದಿನೈದು ದಿನ ಬಿಟ್ಟಿರಿ." ಇನ್ನೊಂದು ಉಪಾಯವನ್ನೂ ಗುಟ್ಟಾಗಿ ಹೇಳಿದರು. ಅದನ್ನು ಆಮೇಲೆ ಹೇಳುತ್ತೇನೆ.

ನಲವತ್ತು ಸಾವಿರ! ಮಗಳ ಪಾಲಿಟೆಕ್ನಿಕ್ ಫೀಸು ಕಟ್ಟುವ ತಿಂಗಳು ಬೇರೆ. ದುಡ್ಡನ್ನು ಹೇಗೋ ಹೊಂದಿಸಿದರೂ ಹದಿನೈದು ದಿನವೆಂದರೆ ಮಾವನವರಿಗೆ ನಾಲ್ಕು ಡಯಾಲಿಸಿಸ್. ಬಾಡಿಗೆ ಕಾರಿಗೆ ಎಷ್ಟು ಸುರಿಯುವುದು? ಬಸ್ಸಿನಲ್ಲಿ ಕರೆದೊಯ್ಯೋಣವೆಂದರೆ ಬರುವಾಗ ಅವರಿಗೆ ಕಾಲಿನಲ್ಲಿ ಕಸುವಿರುವುದಿಲ್ಲ. ಅವರು ಮೇಷ್ಟರಾಗಿದ್ದವರು, ಯಾರಿಗೂ ಭಾರವಾಗಬಾರದು ಎನ್ನುವ ಸ್ವಭಾವ. "ಒಂದು ವಾರ ಬಿಟ್ರೆ ಏನೂ ಆಗಲ್ಲ ಬಿಡಮ್ಮಾ" ಅಂದರು. ಏನಾಗುತ್ತದೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಒಲೆ ಹೇಳಿದ ಪಾಠ

ಮರುದಿನ ಬೆಳಿಗ್ಗೆ ಪಾತ್ರೆ ಉಜ್ಜುತ್ತಾ ಕೂತಿದ್ದೆ. ಅದೇ ವಾರ ನಮ್ಮ ಗ್ಯಾಸ್ ಒಲೆಯೂ ಕೆಟ್ಟಿತ್ತು. ಉರಿ ನೀಲಿ ಬಣ್ಣ ಬಿಟ್ಟು ಹಳದಿಯಾಗಿ, ನಾಲಗೆ ಚಾಚಿದ ಹಾಗೆ ಮೇಲೇಳುತ್ತಿತ್ತು. ಪಾತ್ರೆಗಳ ತಳವೆಲ್ಲ ಮಸಿ. ಒಲೆ ರಿಪೇರಿಯವನು ಬಂದು, ಜೆಟ್ಟಿನ ಪಕ್ಕದಲ್ಲಿ ಗಾಳಿ ಎಳೆದುಕೊಳ್ಳುವ ಕಿಂಡಿಯಿಂದ ಉಕ್ಕಿ ಒಣಗಿದ ಹಾಲಿನ ಹೊಪ್ಪಳೆ, ಜೇಡರ ಬಲೆ ಎಲ್ಲ ಕೆರೆದು ತೆಗೆದ. ಉರಿ ತಕ್ಷಣ ನೀಲಿಯಾಯಿತು. "ಗ್ಯಾಸ್ ಸರಿಯಾಗೇ ಬರ್ತಿತ್ತು ಅಕ್ಕಾ, ಗಾಳಿ ಸಾಲ್ತಿರಲಿಲ್ಲ. ಗಾಳಿ ಸಾಲದೇ ಇದ್ರೆ ಮಸೀನೇ" ಅಂದಿದ್ದ.

ಮಸಿ ಹಿಡಿದ ತಪ್ಪಲೆ ಕೈಯಲ್ಲಿತ್ತು. ಕಾರಿನ ಹೊಗೆಯೂ ಕಪ್ಪೇ ಅಲ್ಲವೇ? ಅದೂ ಮಸಿಯೇ ಅಲ್ಲವೇ? ಹಾಗಿದ್ದರೆ ಕಾರಿಗೂ ಗಾಳಿ ಸಾಲುತ್ತಿಲ್ಲವೇನೋ!

ಒಲೆಯ ಮುಂದೆ ವರ್ಷಗಟ್ಟಲೆ ಕೂತ ನಮಗೆ ಇದು ಗೊತ್ತಿಲ್ಲದ ವಿದ್ಯೆಯೇನಲ್ಲ. ಸೌದೆ ಒಲೆಗೆ ಒಂದೇ ಸಲ ಕಟ್ಟಿಗೆ ತುರುಕಿದರೆ ಹೊಗೆ ಸುತ್ತುತ್ತದೆ, ಎರಡು ಕೊಳ್ಳಿ ಹಿಂದಕ್ಕೆಳೆದು ಊದುಗೊಳವೆಯಲ್ಲಿ ಊದಿದರೆ ಭಗ್ಗನೆ ಹತ್ತುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ಹಳ್ಳಿಗಳಿಗೆ ತಂದ ಅಸ್ತ್ರ ಒಲೆ ನಮ್ಮ ತವರಿನಲ್ಲಿತ್ತು. ಸೌದೆಯ ಕೆಳಗೆ ಜಾಲರಿ ಇಟ್ಟು ಗಾಳಿಗೆ ದಾರಿ ಮಾಡಿ, ಹೊಗೆಗೆ ಚಿಮಣಿ ಕಟ್ಟಿದ್ದರು. ಸೌದೆಯೂ ಉಳಿಯಿತು, ಅಮ್ಮನ ಕಣ್ಣೂ ಉಳಿಯಿತು. ಇಂಜಿನ್ ಎಂದರೂ ಒಲೆಯೇ. ಮುಚ್ಚಿದ ಡಬ್ಬಿಯೊಳಗೆ ನಿಮಿಷಕ್ಕೆ ಸಾವಿರ ಸಲ ಹತ್ತಿ ಆರುವ ಒಲೆ.

ಆ ಒಲೆಗೆ ಎಷ್ಟು ಗಾಳಿ ಬೇಕು ಎನ್ನುವುದನ್ನು ಮಗಳು ಲೆಕ್ಕ ಹಾಕಿ ತೋರಿಸಿದಳು. ಅವಳು ಓದುತ್ತಿರುವುದು ಆಟೋಮೊಬೈಲ್ ವಿಭಾಗದಲ್ಲೇ. ಒಂದು ಗ್ರಾಂ ಡೀಸೆಲ್ ಪೂರ್ತಿ ಉರಿಯಬೇಕಾದರೆ ಹದಿನಾಲ್ಕೂವರೆ ಗ್ರಾಂ ಗಾಳಿ ಬೇಕಂತೆ. ಒಂದು ಲೀಟರ್ ಡೀಸೆಲ್ಲಿನ ತೂಕ ಸುಮಾರು 830 ಗ್ರಾಂ. ಅದಕ್ಕೆ 12 ಕಿಲೋ ಗಾಳಿ. ಗಾಳಿ ಹಗುರ ನೋಡಿ, 12 ಕಿಲೋ ಗಾಳಿ ಎಂದರೆ 10,000 ಲೀಟರ್! ಮನೆಯ ಮೇಲಿಡುವ ಸಾವಿರ ಲೀಟರಿನ ನೀರಿನ ಟ್ಯಾಂಕು ಹತ್ತು ಜೋಡಿಸಿದರೆ ಎಷ್ಟೋ ಅಷ್ಟು. ಹಾಸನಕ್ಕೆ ಹೋಗಿ ಬರಲು ಐದು ಲೀಟರ್ ಡೀಸೆಲ್ ಬೇಕು. ಅಂದರೆ ಐವತ್ತು ಟ್ಯಾಂಕ್ ಗಾಳಿ. ಅದೂ ಕಡೇ ಪಕ್ಷದ ಲೆಕ್ಕ, ಡೀಸೆಲ್ ಇಂಜಿನ್ ನಿಜವಾಗಿ ಎಳೆದುಕೊಳ್ಳುವುದು ಇನ್ನೂ ಹೆಚ್ಚು. ನಾವು ಎಣ್ಣೆಯ ಲೆಕ್ಕವನ್ನು ಪೈಸೆ ಪೈಸೆ ಇಡುತ್ತೇವೆ, ಗಾಳಿ ಬಿಟ್ಟಿ ಬರುತ್ತದಲ್ಲ ಎಂದು ಅದರ ಕಡೆ ತಿರುಗಿಯೂ ನೋಡುವುದಿಲ್ಲ.

ಡೀಸೆಲ್ ಗಾಡಿಯಲ್ಲಿ ಇನ್ನೊಂದು ವಿಶೇಷ. ಪೆಟ್ರೋಲ್ ಕಾರಿನಲ್ಲಿ ಆಕ್ಸಿಲೇಟರ್ ಒತ್ತಿದರೆ ಗಾಳಿಯ ಬಾಗಿಲು ತೆರೆಯುತ್ತದೆ, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸೇರುತ್ತದೆ. ನಮ್ಮಂಥ ಹಳೇ ಡೀಸೆಲ್ಲಿನಲ್ಲಿ ಒತ್ತಿದಷ್ಟೂ ಡೀಸೆಲ್ ಬೀಳುತ್ತದೆ, ಗಾಳಿ ಎಷ್ಟು ಬಂದೀತೋ ಅಷ್ಟೇ. ಗಾಳಿಯ ದಾರಿ ಕಟ್ಟಿದರೆ ಬಿದ್ದ ಡೀಸೆಲ್ ಅರೆಬೆಂದು ಕಪ್ಪು ಹೊಗೆಯಾಗಿ ಹೊರಬೀಳುತ್ತದೆ. ಕಾಸು ಕೊಟ್ಟ ಎಣ್ಣೆ ಪಂಚೆಯ ಮೇಲೆ ಚುಕ್ಕೆಯಾಗಿ ಕೂರುತ್ತದೆ. ಅದು ಬರೀ ಬಟ್ಟೆಯ ಕೊಳೆಯೂ ಅಲ್ಲ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಖಚಿತವಾಗಿ ಹೇಳಿದೆ. ನಾವೋ, ಮಾವನವರು ಮಲಗುವ ಕೋಣೆಯ ಕಿಟಕಿಯ ಕೆಳಗೇ ಹತ್ತು ನಿಮಿಷ ಗಾಡಿ ಬಿಸಿ ಮಾಡುತ್ತಿದ್ದೆವು!

ಡಬ್ಬಿಯೊಳಗೆ ಕಂಡದ್ದು

ಈಗ ನನ್ನ ತಪ್ಪಿಗೆ ಬರುತ್ತೇನೆ. ಮಸಿ ತಪ್ಪಲೆ ಹಿಡಿದು ಯೋಚಿಸುತ್ತಿದ್ದಾಗಲೇ ಎದೆ ಧಸಕ್ಕೆಂದಿತ್ತು. ಏಕೆಂದರೆ ಆ ಗಾಳಿಯ ಡಬ್ಬಿಯನ್ನು ನಾನು ಮುಂಚೆಯೇ ಮುಟ್ಟಿದ್ದೆ.

ಹಿಂದಿನ ದೀಪಾವಳಿಗೆ, ಅಂದರೆ 2022ರ ಅಕ್ಟೋಬರಿನಲ್ಲಿ, ಮನೆಯೆಲ್ಲ ಧೂಳು ಹೊಡೆದು ಕಾರನ್ನೂ ತೊಳೆದೆವು. ಬಾನೆಟ್ ಎತ್ತಿದಾಗ ಕಪ್ಪು ಪ್ಲಾಸ್ಟಿಕ್ಕಿನ ಚೌಕ ಡಬ್ಬಿ ಕಂಡಿತು. ಕ್ಲಿಪ್ಪು ತೆಗೆದರೆ ಒಳಗೆ ಸೀರೆಯ ನೆರಿಗೆಯ ಹಾಗೆ ಮಡಿಕೆ ಮಡಿಕೆಯಾಗಿ ಕಾಗದ. ಅದೇ ಏರ್ ಫಿಲ್ಟರ್. ನಮ್ಮೂರ ರಸ್ತೆ ಅಗಲ ಮಾಡುವ ಕೆಲಸ ಆಗ ನಡೆಯುತ್ತಿತ್ತು. ಕೆಮ್ಮಣ್ಣು ತುಂಬಿ ಫಿಲ್ಟರ್ ಇಟ್ಟಿಗೆಯ ಬಣ್ಣವಾಗಿತ್ತು. ಕೊಳೆ ಕಂಡರೆ ಸುಮ್ಮನಿರುವ ಜಾತಿಯೇ ನಾನು? ಸೋಪಿನಪುಡಿ ನೀರಿನಲ್ಲಿ ನೆನೆಸಿ, ಬ್ರಷ್ಷಿನಲ್ಲಿ ಉಜ್ಜಿ, ಒಗೆಯುವ ಕಲ್ಲಿನ ಮೇಲೆ ಎರಡು ಬಾರಿ ಕುಟ್ಟಿ, ಬಿಸಿಲಿಗೆ ಒಣಗಿಸಿ ಮತ್ತೆ ಕೂರಿಸಿದೆ. ಯಾರಿಗೂ ಹೇಳಲಿಲ್ಲ. ಹೊಸದಕ್ಕೆ ಕೊಡುವ ದುಡ್ಡು ಉಳಿಸಿದೆ ಎಂದು ಒಳಗೊಳಗೇ ಬೀಗಿದ್ದೆ.

ಕಾರನ್ನು ಬಿ.ಎಚ್. ರಸ್ತೆಯ ಬದಿಯ ಹಿರಿಯ ಮೆಕ್ಯಾನಿಕ್ ಒಬ್ಬರ ಹತ್ತಿರ ನಾನೇ ಓಡಿಸಿಕೊಂಡು ಹೋದೆ. ಅವರು ಹೆಚ್ಚಾಗಿ ಟ್ರಾಕ್ಟರ್ ನೋಡುವವರು. ನಾನು ಒಲೆಯ ಕಥೆ ಹೇಳಿದೆ, ನಕ್ಕರು. ಆದರೆ ಮೊದಲು ಆ ಡಬ್ಬಿಯನ್ನೇ ಬಿಚ್ಚಿದರು. ಫಿಲ್ಟರನ್ನು ಬಿಸಿಲಿಗೆ ಹಿಡಿದರು. ಬೆಳಕು ಬರಲಿಲ್ಲ. ಮಡಿಕೆಗಳು ಒಂದಕ್ಕೊಂದು ಅಂಟಿ ಹಪ್ಪಳವಾಗಿದ್ದವು. ಒಂದು ಮೂಲೆಯಲ್ಲಿ ಅಂಚಿನ ರಬ್ಬರು ಸೊಟ್ಟಗಾಗಿ ಕಿರುಬೆರಳು ತೂರುವಷ್ಟು ಸಂದು.

"ಅಮ್ಮಾ, ಯಾರು ಇದನ್ನ ತೊಳೆದಿದ್ದು?"

ನಾನು ನೆಲ ನೋಡಿದೆ. ಅವರಿಗೆ ಅರ್ಥವಾಯಿತು, ಮತ್ತೆ ಕೇಳಲಿಲ್ಲ.

ಆಮೇಲೆ ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪು ಬಿಚ್ಚಿ, ಒಳಗೆ ಬೆರಳಾಡಿಸಿ ನನ್ನ ಮುಂದೆ ಹಿಡಿದರು. ಬೆರಳು ಕೆಂಪಾಗಿತ್ತು. "ಧೂಳು ಡಬ್ಬಿಯ ಈ ಕಡೆ ಇದ್ರೆ ಪರವಾಗಿಲ್ಲ. ಆ ಕಡೆ ಸೇರ್ತು ಅಂದ್ರೆ ಇಂಜಿನ್ ತಿನ್ನುತ್ತೆ" ಅಂದರು. ಮಣ್ಣಿನಲ್ಲಿ ಮರಳಿನ ಅಂಶ ಇರುತ್ತದಲ್ಲ, ಅದು ಕಬ್ಬಿಣಕ್ಕಿಂತ ಗಟ್ಟಿ. ಪಿಸ್ಟನ್ ರಿಂಗಿಗೂ ಸಿಲಿಂಡರಿಗೂ ನಡುವೆ ಸೇರಿಕೊಂಡರೆ ಬಡಗಿಯ ಉಪ್ಪುಕಾಗದದ ಹಾಗೆ ಉಜ್ಜುತ್ತಲೇ ಇರುತ್ತದೆ. ಕಾಗದದ ಫಿಲ್ಟರನ್ನು ನೀರಿಗೆ ಹಾಕಿದರೆ ಅದರ ನಾರು ಉಬ್ಬಿ, ಕೆಲವು ಕಡೆ ರಂಧ್ರ ಮುಚ್ಚುತ್ತದೆ, ಕೆಲವು ಕಡೆ ಹಿಗ್ಗುತ್ತದೆ. ಬೇಕಾದ ಗಾಳಿ ಬರುವುದಿಲ್ಲ, ಬೇಡದ ಧೂಳು ಬರುತ್ತದೆ. ಮೂಗು ಕಟ್ಟಿದವರು ಬಾಯಲ್ಲಿ ಧೂಳು ಕುಡಿದ ಹಾಗೆ!

ಇನ್ನೊಂದು ತೊಂದರೆಯೂ ಇತ್ತು, ಅದು ನನ್ನ ತಪ್ಪಲ್ಲ. ಡಬ್ಬಿಯಿಂದ ಕಾರಿನ ಮುಂಭಾಗಕ್ಕೆ ಒಂದು ಸೊಂಡಿಲಿನಂಥ ಪೈಪು ಇರುತ್ತದೆ, ಹೊರಗಿನ ತಣ್ಣನೆ ಗಾಳಿ ಎಳೆದುಕೊಳ್ಳಲು. ನಮ್ಮ ಕಾರಿನಲ್ಲಿ ಅದೇ ಇರಲಿಲ್ಲ! ಯಾವಾಗಲೋ ಯಾವುದೋ ರಿಪೇರಿಯಲ್ಲಿ ತೆಗೆದವರು ಹಾಕುವುದನ್ನು ಮರೆತಿದ್ದರು. ಹಾಗಾಗಿ ಇಂಜಿನ್ ತನ್ನ ಪಕ್ಕದ ಕಾದ ಗಾಳಿಯನ್ನೇ ಕುಡಿಯುತ್ತಿತ್ತು. ಗಾಳಿ ಕಾದರೆ ಹಿಗ್ಗುತ್ತದೆ, ತೆಳುವಾಗುತ್ತದೆ. 30 ಡಿಗ್ರಿಯ ಗಾಳಿ ಬಾನೆಟ್ಟಿನೊಳಗೆ 60 ಡಿಗ್ರಿಗೆ ಕಾದರೆ ಅದೇ ಅಳತೆಯ ಗಾಳಿಯಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ಹಾಲಿಗೆ ನೀರು ಬೆರೆಸಿದ ಹಾಗೆ. ಲೋಟ ತುಂಬಿರುತ್ತದೆ, ಸತ್ವ ಇರುವುದಿಲ್ಲ.

ಇಂಜಿನ್ ನಿಜವಾಗಿಯೂ ಮುಗಿದಿದೆಯೇ ಎಂದು ನೋಡಲು ಅವರು ಸುಲಭದ ಒಂದು ಪರೀಕ್ಷೆ ಮಾಡಿದರು. ಗಾಡಿ ಚಾಲೂ ಇಟ್ಟು ಇಂಜಿನ್ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿದರು. ರಿಂಗು ಪೂರ್ತಿ ಸವೆದಿದ್ದರೆ ಅಲ್ಲಿಂದ ರೈಲಿನಂತೆ ಬುಸುಬುಸು ಹೊಗೆ ನುಗ್ಗುತ್ತದಂತೆ. ನಮ್ಮದರಲ್ಲಿ ಸ್ವಲ್ಪ ಆವಿ ಬಂತು, ಅಷ್ಟೆ. "ಇಂಜಿನ್ ಸತ್ತಿಲ್ಲಮ್ಮಾ. ಮೂಗು ಕಟ್ಟಿದೆ" ಅಂದರು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಡೀಸೆಲ್ ಹೊಗೆಯ ಮೇಲೆ ಹಾಕಿದೆ.

ಹೊಸ ಫಿಲ್ಟರ್ 350 ರೂಪಾಯಿ. ಸೊಂಡಿಲ ಪೈಪು ಹಾಸನದ ಹಳೇ ಸಾಮಾನಿನ ಅಂಗಡಿಯಲ್ಲಿ 200ಕ್ಕೆ ಸಿಕ್ಕಿತು. ಡಬ್ಬಿ, ಪೈಪುಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಧೂಳು ಸೇರಿದ್ದ ಇಂಜಿನ್ ಆಯಿಲನ್ನೂ ಬದಲಾಯಿಸಿ, ಕ್ಲಿಪ್ಪುಗಳನ್ನು ಬಿಗಿ ಮಾಡಿದರು. ಮೂರು ದಿನ ಓಡಿಸಿ, ಸೈಲೆನ್ಸರಿನಲ್ಲಿ ಕಟ್ಟಿದ್ದ ಹಳೇ ಮಸಿಯೆಲ್ಲ ಹೋಗಲೆಂದು ಹೆದ್ದಾರಿಯಲ್ಲಿ ಒಂದು ಸುತ್ತು ಹಾಕಿ ಮತ್ತೆ ಟೆಸ್ಟಿಗೆ ಹೋದೆವು. 52! ಅದೇ ಹುಡುಗ, "ಇಂಜಿನ್ ಕೆಲಸ ಮಾಡಿಸಿದ್ರಾ ಮೇಡಂ?" ಅಂದ. ಇಲ್ಲಪ್ಪ, ಮೂಗು ಸೀನಿಸಿದೆವು ಅಂದೆ. ಒಂದು ಡಯಾಲಿಸಿಸ್ಸೂ ತಪ್ಪಲಿಲ್ಲ.

ಪೂರ್ತಿ ಪಾರಾದೆವು ಎನ್ನುವಂತಿಲ್ಲ. ಐದು ತಿಂಗಳು ಒಳಗೆ ಹೋದ ಕೆಮ್ಮಣ್ಣು ತನ್ನ ಕೆಲಸ ಸ್ವಲ್ಪ ಮಾಡಿಯೇ ಇತ್ತು. ಮೊದಲು ಒಂದು ಸರ್ವೀಸಿನಿಂದ ಇನ್ನೊಂದರ ತನಕ ಆಯಿಲ್ ಮುಟ್ಟುವ ಹಾಗೇ ಇರಲಿಲ್ಲ. ಈಗ ನಡುವೆ ಅರ್ಧ ಲೀಟರ್ ಹಾಕಬೇಕು. ಆ ಡಬ್ಬಿ ಎತ್ತಿದಾಗಲೆಲ್ಲ ನನಗೆ ಒಗೆಯುವ ಕಲ್ಲು ಜ್ಞಾಪಕಕ್ಕೆ ಬರುತ್ತದೆ.

ಆ ಗುಟ್ಟಿನ ಉಪಾಯ

ಮೊದಲ ಗ್ಯಾರೇಜಿನವರು ಹೇಳಿದ್ದ ಉಪಾಯವೆಂದರೆ, ಟೆಸ್ಟಿನ ದಿನ ಫಿಲ್ಟರನ್ನೇ ತೆಗೆದಿಟ್ಟು ಹೋಗುವುದು. ಗಾಳಿ ಧಾರಾಳವಾಗಿ ನುಗ್ಗುತ್ತದೆ, ಹೊಗೆ ಕಡಿಮೆ ತೋರಿಸುತ್ತದೆ, ಚೀಟಿ ಸಿಗುತ್ತದೆ. ಎಷ್ಟೋ ಜನ ಹೀಗೆ ಮಾಡುತ್ತಾರಂತೆ. ಕೆಲವರು ಗಾಡಿ ಚೆನ್ನಾಗಿ ಎಳೆಯುತ್ತದೆ ಎಂದು ಹಾಗೆಯೇ ಓಡಿಸಿಯೂ ಬಿಡುತ್ತಾರೆ. ಮಗುವಿಗೆ ನೆಗಡಿಯಾದರೆ ಮೂಗನ್ನೇ ಕೊಯ್ಯುತ್ತೇವೆಯೇ? ಇಂಜಿನ್ನಿಗೆ ಬೇಕಾದ್ದು ಬರೀ ಹೆಚ್ಚು ಗಾಳಿಯಲ್ಲ, ಶುದ್ಧವಾದ ಹೆಚ್ಚು ಗಾಳಿ. ಚೀಟಿ ಇಲ್ಲದೆ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಮೇಲೆ ದಂಡ 10,000 ರೂಪಾಯಿಯ ತನಕ ಹಾಕಬಹುದು, ನಿಜ. ಆದರೆ ಫಿಲ್ಟರಿಲ್ಲದೆ ಓಡಿಸಿ ಇಂಜಿನ್ ಸವೆಸಿಕೊಂಡರೆ ಆ ನಲವತ್ತು ಸಾವಿರದ ಖರ್ಚು ನಿಜವಾಗಿಯೇ ಬರುತ್ತದೆ.

ಹಿಂದಿನವರು ಈ ಧೂಳಿಗೆ ಬೇರೆ ಉಪಾಯ ಮಾಡಿದ್ದರು. ಹಳೇ ಅಂಬಾಸಡರ್, ಜೀಪುಗಳಲ್ಲಿ ಎಣ್ಣೆಯ ಬಟ್ಟಲಿನ ಫಿಲ್ಟರ್ ಇರುತ್ತಿತ್ತು. ಗಾಳಿ ಎಣ್ಣೆಯ ಮೇಲೆ ಹಾದು ತಿರುಗುವಾಗ ಧೂಳು ಎಣ್ಣೆಗೆ ಅಂಟಿಕೊಳ್ಳುತ್ತದೆ. ಎಷ್ಟೋ ಟ್ರಾಕ್ಟರುಗಳಲ್ಲಿ ಈಗಲೂ ಇದೆ. ಅದನ್ನು ತೊಳೆದು ಹೊಸ ಎಣ್ಣೆ ತುಂಬಬಹುದು, ತುಂಬಲೇಬೇಕು. ನಮ್ಮ ತಂದೆ ಹಾಗೆ ತೊಳೆಯುವುದನ್ನು ನೋಡಿದ್ದೆನೇನೋ, ಅದೇ ತಲೆಯಲ್ಲಿ ಕೂತು ಕಾಗದದ್ದನ್ನೂ ತೊಳೆದೆ.

ಹೊಗೆಯ ಬಣ್ಣ ನೋಡಿ

ಕಪ್ಪು ಹೊಗೆಯೆಂದರೆ ಎಣ್ಣೆಗೆ ತಕ್ಕ ಗಾಳಿ ಇಲ್ಲ ಎಂದರ್ಥ. ಮೊದಲು ಫಿಲ್ಟರ್, ಆಮೇಲೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ನೋಡಿಸಿ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ, ಅದು ರಿಂಗು ವಾಲ್ವುಗಳ ಕಡೆಯ ಕಾಯಿಲೆ. ಬೆಳಗಿನ ಚಳಿಯಲ್ಲಿ ಬಿಳಿ ಆವಿ ಬಂದು ಸ್ವಲ್ಪ ಹೊತ್ತಿಗೆ ನಿಂತರೆ ಚಿಂತೆ ಬೇಡ. ನಿಲ್ಲದೇ ಬರುತ್ತಿದ್ದರೆ, ಜೊತೆಗೆ ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ತಡ ಮಾಡದೆ ತೋರಿಸಿ. ಇಷ್ಟು ತಿಳಿದಿದ್ದರೆ, ಬಾನೆಟ್ ಎತ್ತದೆ ನಲವತ್ತು ಸಾವಿರ ಹೇಳುವವರ ಮುಂದೆ ಎರಡು ಪ್ರಶ್ನೆ ಕೇಳಬಹುದು. ಕಣ್ಣಿಗೆ ಕಾಣುವ ಹೊಗೆಯೇ ಎಲ್ಲ ಅಲ್ಲ ಎನ್ನುವುದೂ ನೆನಪಿರಲಿ. ಡೀಸೆಲ್ಲಿನಲ್ಲಿ ಕಾಣದ ನೈಟ್ರೋಜನ್ ಆಕ್ಸೈಡುಗಳೂ ಬರುತ್ತವೆ, ನಮ್ಮ ಎಮಿಷನ್ ಟೆಸ್ಟಿನಲ್ಲಿ ಡೀಸೆಲ್ ಗಾಡಿಗೆ ಅಳೆಯುವುದು ಮಸಿಯನ್ನು ಮಾತ್ರ.

"ನಮ್ಮದು ಪೆಟ್ರೋಲ್ ಕಾರು, ನಮಗೇನು?" ಎನ್ನುವವರೂ ಇರುತ್ತೀರಿ. ಹಳೇ ಕಾರ್ಬುರೇಟರ್ ಕಾರಾದರೆ ನಮ್ಮದೇ ಕಥೆ. ಫಿಲ್ಟರ್ ಕಟ್ಟಿದರೆ ಪೆಟ್ರೋಲ್ ಹೆಚ್ಚು ಸುರಿಯುತ್ತದೆ, ಕಪ್ಪು ಹೊಗೆ, ವಿಷದ ಕಾರ್ಬನ್ ಮಾನಾಕ್ಸೈಡ್ ಜಾಸ್ತಿ. ಅಮೆರಿಕದಲ್ಲಿ ಅಂಥ ಕಾರುಗಳಿಗೆ ಹೊಸ ಫಿಲ್ಟರ್ ಹಾಕಿ ನೋಡಿದಾಗ ನೂರಕ್ಕೆ 2ರಿಂದ 6ರಷ್ಟು ಮೈಲೇಜು ಸುಧಾರಿಸಿತಂತೆ. ಆದರೆ ಈಗಿನ ಇಂಜೆಕ್ಷನ್ ಕಾರುಗಳ ಕಥೆ ಬೇರೆ. ಅಲ್ಲಿಯ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು 2009ರಲ್ಲಿ ಪರೀಕ್ಷೆ ಮಾಡಿದಾಗ, ಫಿಲ್ಟರ್ ಕಟ್ಟಿದ್ದರೂ ಮೈಲೇಜು ಇಳಿಯಲಿಲ್ಲ, ವೇಗ ಹಿಡಿಯುವುದು ಮಾತ್ರ ನಿಧಾನವಾಯಿತು. ಒಳಗಿನ ಕಂಪ್ಯೂಟರ್ ಗಾಳಿ ಅಳೆದು ಪೆಟ್ರೋಲನ್ನೂ ಕಡಿಮೆ ಮಾಡುತ್ತದೆ ನೋಡಿ. ಆದ್ದರಿಂದ "ಫಿಲ್ಟರ್ ಬದಲಿಸಿದ್ರೆ ಲೀಟರಿಗೆ ಐದು ಕಿಲೋಮೀಟರ್ ಜಾಸ್ತಿ" ಎಂದು ಯಾರಾದರೂ ಹೊಸ ಪೆಟ್ರೋಲ್ ಕಾರಿಗೆ ಹೇಳಿದರೆ ನಂಬಬೇಡಿ. ಧೂಳಿನಿಂದ ಇಂಜಿನ್ ಉಳಿಸಲು ಬದಲಿಸಿ. ಗಾಳಿಯ ಪೈಪಿನೊಳಗೆ ಸಣ್ಣ ಫ್ಯಾನು, ತಿರುಪು ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಎಂದು ಮಾರುವವರೂ ಇದ್ದಾರೆ. ಇಂಥ ಎಣ್ಣೆ ಉಳಿಸುವ ಸಾಮಾನುಗಳಲ್ಲಿ ನೂರಕ್ಕೂ ಹೆಚ್ಚನ್ನು ಅಮೆರಿಕದ ಪರಿಸರ ಇಲಾಖೆ ಪರಿಶೀಲಿಸಿದಾಗ ಹೇಳಿಕೊಳ್ಳುವಂಥ ಉಳಿತಾಯ ಯಾವುದರಲ್ಲೂ ಕಂಡಿಲ್ಲ. ನಮ್ಮವರು ಒಂದಕ್ಕೆ 900 ರೂಪಾಯಿ ಕೊಟ್ಟು ತಂದಿದ್ದಾರೆ. ಅದು ಈಗ ಹಿತ್ತಲಲ್ಲಿ ಕರಿಬೇವಿನ ಗಿಡದ ಬುಡದಲ್ಲಿದೆ.

ಈಚಿನ ಡೀಸೆಲ್ ಕಾರುಗಳಲ್ಲಿ ಟರ್ಬೋ ಇರುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ ಎಂಬ ಇಂಜಿನಿಯರು 1905ರಲ್ಲೇ ಇದರ ಹಕ್ಕುಪತ್ರ ಪಡೆದಿದ್ದ. ಹೊರಹೋಗುವ ಹೊಗೆಯ ರಭಸದಿಂದಲೇ ಫ್ಯಾನು ತಿರುಗಿಸಿ ಒಳಗೆ ಗಾಳಿ ನೂಕುವುದು. ಒಲೆಯ ಬಿಸಿಯಿಂದಲೇ ಊದುಗೊಳವೆ ನಡೆಸಿದ ಹಾಗೆ. ಇದ್ದಕ್ಕಿದ್ದಂತೆ ಕಪ್ಪು ಹೊಗೆ, ಎಳೆಯದಿರುವುದು, ಸುಯ್ ಎನ್ನುವ ಶಬ್ದ ಶುರುವಾದರೆ ಟರ್ಬೋದ ರಬ್ಬರ್ ಪೈಪು ಬಿರಿದಿದೆಯೇ ನೋಡಿಸಿ.

ನೀವೇ ನೋಡುವುದಾದರೆ ಗಾಡಿ ನಿಲ್ಲಿಸಿ, ಇಂಜಿನ್ ಆರಿದ ಮೇಲೆ ನೋಡಿ. ಡಬ್ಬಿ ಬಿಚ್ಚುವ ಮೊದಲು ಮೇಲಿನ ಧೂಳು ಒರೆಸಿ, ಇಲ್ಲದಿದ್ದರೆ ಅದೇ ಒಳಗೆ ಬೀಳುತ್ತದೆ. ಫಿಲ್ಟರನ್ನು ಬೆಳಕಿಗೆ ಹಿಡಿಯಿರಿ. ಒಣ ಧೂಳು ಸ್ವಲ್ಪ ಇದ್ದರೆ ಅಂಗೈಗೆ ಮೆಲ್ಲಗೆ ತಟ್ಟಿ ಉದುರಿಸಿ. ಪಂಪಿನ ಗಾಳಿ ಹೊಡೆಸಿದರೆ ಶುದ್ಧವಾದ ಒಳಬದಿಯಿಂದ ಹೊರಬದಿಗೆ, ದೂರದಿಂದ, ಕಡಿಮೆ ರಭಸದಲ್ಲಿ. ನೀರು, ಸೋಪು, ಬ್ರಷ್ಷು ಮುಟ್ಟಿಸಬೇಡಿ! ಕೂರಿಸುವಾಗ ಅಂಚಿನ ರಬ್ಬರು ಸುತ್ತಲೂ ಸರಿಯಾಗಿ ಕೂತಿದೆಯೇ, ಎಲ್ಲ ಕ್ಲಿಪ್ಪೂ ಬಿದ್ದಿದೆಯೇ ನೋಡಿ. ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂದು ಕಾರಿನ ಕೈಪಿಡಿಯಲ್ಲಿ ಇರುತ್ತದೆ. ನಮ್ಮಂಥ ಧೂಳಿನ ದಾರಿಗೆ ಅದರ ಅರ್ಧಕ್ಕೇ ಬದಲಿಸಿ ಎಂದು ಆ ಹಿರಿಯರು ಹೇಳಿದ್ದಾರೆ. ಎ.ಸಿ.ಗೆ ಇರುವ ಫಿಲ್ಟರ್ ಬೇರೆ, ಅದು ನಮ್ಮ ಮೂಗಿಗೆ. ಅದನ್ನು ಬದಲಿಸಿ ಇಂಜಿನ್ನಿನದು ಆಯಿತು ಎಂದುಕೊಳ್ಳಬೇಡಿ. ಸ್ಕೂಟರ್ ಓಡಿಸುವ ಸೋದರಿಯರೇ, ನಿಮ್ಮ ಗಾಡಿಯಲ್ಲಿ ಎಣ್ಣೆ ಪಸೆಯ ಕಾಗದದ ಫಿಲ್ಟರ್ ಇದ್ದರೆ ಗಾಳಿ ಹೊಡೆಸುವುದೂ ಬೇಡ, ಬದಲಿಸುವುದೊಂದೇ.

ಈಗ ನಮ್ಮ ಮನೆಯಲ್ಲಿ ಗಾಡಿಯನ್ನು ಕಿಟಕಿಯ ಕೆಳಗೆ ಬಿಸಿ ಮಾಡುವುದಿಲ್ಲ. ಬೀದಿಗೆ ತಂದು, ಮಾವನವರನ್ನು ಕೂರಿಸಿ, ಚಾಲೂ ಮಾಡಿದ ಅರ್ಧ ನಿಮಿಷಕ್ಕೆ ನಿಧಾನವಾಗಿ ಹೊರಡುತ್ತೇನೆ. ತಿಂಗಳ ಮೊದಲ ವಾರ ಅವರು ಹಿಂದಿನ ಸೀಟಿನಿಂದ ತಪ್ಪದೆ ಕೇಳುತ್ತಾರೆ: "ಮೂಗು ನೋಡಿದ್ಯೇನಮ್ಮಾ?" ಮೇಷ್ಟರಲ್ಲವೇ, ಹಾಜರಿ ತೆಗೆದುಕೊಂಡ ಹಾಗೆ. ಏರಿನಲ್ಲಿ ಗೇರು ಇಳಿಸುತ್ತೇನೋ ಇಲ್ಲವೋ ಎಂದು ಕಿವಿಗೊಟ್ಟು ಕೂತಿರುತ್ತಾರೆ. ಏಳು ಗಂಟೆಗೆ ಹಾಸನ ಸೇರಿ ಅವರನ್ನು ಹಾಸಿಗೆಗೆ ಬಿಟ್ಟರೆ ನಾಲ್ಕು ಗಂಟೆ ನನಗೆ ಹೊರಗಿನ ಬೆಂಚಿನ ಮೇಲೆ ಬಿಡುವು. ಇದನ್ನು ಬರೆದದ್ದೂ ಅಲ್ಲೇ, ಮೂರು ಗುರುವಾರಗಳಲ್ಲಿ.